ಊಟ ಬಿಡಬೇಡ ಅವ್ವ

ಟೊರಾಂಟೊ,
ಭಾನುವಾರ

ಪ್ರೀತಿಯ ಅವ್ವನಿಗೆ ನಿನ್ನ ಮಗಳ ನಮಸ್ಕಾರಗಳು. ನಾವಿಲ್ಲಿ ಕ್ಷೇಮ.

ತಮ್ಮ ನಿನ್ನ ರಕ್ತದ ಸಕ್ಕರೆಯ ರಿಪೋರ್ಟ್ ಕಳಿಸಿದ. ಖಾಲಿ ಹೊಟ್ಟೆಯದು 114, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.1. ಅದಕ್ಕಿಂತ ನನಗೆ ಗಾಬರಿಯಾಗಿದ್ದು, ನೀನು ಹೆದರಿ ರಾತ್ರಿ ಊಟ ಬಿಟ್ಟು ಬರೀ ರಾಗಿ ಗಂಜಿ ಕುಡಿದು ಮಲಗ್ತೀಯ ಅಂತ ಅವನು ಹೇಳಿದಾಗ.

ಖಾಲಿ ಹೊಟ್ಟೆಯದು 126 ಮುಟ್ಟಿದರೆ, ಇಲ್ಲಾ ಎಚ್‌ಬಿಎ1ಸಿ 6.5 ಆದರೆ ಸಕ್ಕರೆ ಕಾಯಿಲೆ ಅಂತಾರೆ. ನಿನಗಿನ್ನೂ ಬಂದಿಲ್ಲ. ಅಮೆರಿಕದಲ್ಲಿ ನಿನ್ನಂಥ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಹೇಳಿದರು. ಊಟ ಸರಿಮಾಡಿಕೊಂಡು, ವಾರಕ್ಕೆ 150 ನಿಮಿಷ ನಡೆದು ಸ್ವಲ್ಪ ತೂಕ ಇಳಿಸಿದವರಲ್ಲಿ ಕಾಯಿಲೆ ಬರೋದು 58% ಕಡಿಮೆಯಾಗಿತ್ತು. ಮಾತ್ರೆ ತಗೊಂಡವರಲ್ಲಿ 31%.

ಗಂಜಿ ಬಿಡು. ರಾಗಿಯೇ ಆದರೂ ನುಣ್ಣಗೆ ಬೆಂದ ಹಿಟ್ಟು ಬೇಗ ಸಕ್ಕರೆಯಾಗಿ ರಕ್ತ ಸೇರುತ್ತೆ, ನಡುರಾತ್ರಿಗೆ ಮತ್ತೆ ಹಸಿವು. ನೀನು ಬಳೆ ಸದ್ದು ಮಾಡ್ತಾ ತಟ್ಟುವ ಜೋಳದ ರೊಟ್ಟಿ ಇದೆಯಲ್ಲ, ಒಂದೂವರೆ ತಿನ್ನು. ಅರ್ಧ ತಟ್ಟೆ ಸೊಪ್ಪು, ತರಕಾರಿ ಇರಲಿ, ಪಕ್ಕದಲ್ಲಿ ಮೊಳಕೆ ಹೆಸರುಕಾಳಿನ ಪಲ್ಯ, ಒಂದು ಚಮಚ ಶೇಂಗಾ ಚಟ್ನಿ. ಮೊದಲು ಪಲ್ಯ ತಿನ್ನು, ಆಮೇಲೆ ರೊಟ್ಟಿ. ಅನ್ನ ಕೊನೆಗೆ ಒಂದು ಹಿಡಿ ಸಾಕು.

ಚಹಾ ದಿನಕ್ಕೆ ನಾಲ್ಕು ಸಲ, ಸಲಕ್ಕೆ ಎರಡು ಚಮಚ ಸಕ್ಕರೆ. ಎಂಟು ಚಮಚ ಆಯ್ತಲ್ಲವ್ವ! ಮಂಡಕ್ಕಿ ಹಗುರ ಅಂತೀಯ, ಅದೂ ಅಕ್ಕಿಯೇ. ನಮ್ಮ ದಾವಣಗೆರೆಯಲ್ಲಿ ಹುಟ್ಟಿ ಮಂಡಕ್ಕಿ ಬಿಡು ಅನ್ನೋಕೆ ನನಗೆ ಬಾಯಿ ಬರಲ್ಲ. ಅರ್ಧ ಮಾಡು, ಉಳಿದರ್ಧಕ್ಕೆ ಸೌತೆಕಾಯಿ, ಈರುಳ್ಳಿ ಹೆಚ್ಚಿ ಹಾಕು. ಜೊತೆಗೆ ಮೆಣಸಿನಕಾಯಿ ಬಜ್ಜಿ ಬೇಡ. ಬೆಣ್ಣೆ ದೋಸೆ ನಾನು ಊರಿಗೆ ಬಂದಾಗ ಇಬ್ಬರೂ ಸೇರಿ ತಿನ್ನೋಣ.

ಉಂಡ ಮೇಲೆ ಸೀರಿಯಲ್ ಮುಂದೆ ಕೂರಬೇಡ. ಹದಿನೈದು ನಿಮಿಷ ಓಣಿಯಲ್ಲಿ ಓಡಾಡು. ನಡೆಯುವಾಗ ಕಾಲಿನ ಸ್ನಾಯು ರಕ್ತದಲ್ಲಿರೋ ಸಕ್ಕರೆ ಎಳ್ಕೊಳ್ಳುತ್ತೆ. ಬೆಳಗ್ಗೆ ಅಪ್ಪಾಜಿ ಕುಂದವಾಡ ಕೆರೆಗೆ ಹೊರಟಾಗ ನೀನೂ ಚಪ್ಪಲಿ ಮೆಟ್ಟು. ಒಲೆ ಕೆಲಸ ಒಂದು ಗಂಟೆ ತಡವಾದರೆ ಯಾರೂ ಏನೂ ಅನ್ನಲ್ಲ, ಅಂದರೆ ನನಗೆ ಹೇಳು.

ಸಕ್ಕರೆ ಕಾಯಿಲೆಯಿಂದ ಅಜ್ಜಿಯ ಹೆಬ್ಬೆರಳಿನ ಗಾಯ ತಿಂಗಳುಗಟ್ಟಲೆ ಮಾಯಲಿಲ್ಲ, ನೆನಪಿದೆಯಾ? ದಿನಾ ಬಿಸಿನೀರಲ್ಲಿ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ನೀನೇ. ನಾನು ಬಾಗಿಲ ಹಿಂದೆ ನಿಂತು ನೋಡ್ತಿದ್ದೆ.

ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸು, ಡಾಕ್ಟರಿಗೆ ತೋರಿಸು. ತಮ್ಮನಿಗೂ ಹೇಳಿದ್ದೀನಿ. ಈ ಪತ್ರ ಸಿಕ್ಕ ದಿನ ರಾತ್ರಿ ಏನು ಉಂಡೆ ಅಂತ ಫೋನ್ ಮಾಡು.

ಇಂತಿ ನಿನ್ನ ಮಗಳು