ಹುತಾತ್ಮ ಪೊಲೀಸರ ಹೆಸರು ಠಾಣೆಯ ಗೋಡೆಗೂ ಬರಲಿ

ಸಂಪಾದಕರಿಗೆ,

ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. ಅವತ್ತು ಬೆಳಿಗ್ಗೆ ತುಮಕೂರಿನ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಪಡೆ) ಮೈದಾನದಲ್ಲಿ ಕಾರ್ಯಕ್ರಮ ನಡೆಯುತ್ತದೆ. ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ಕರ್ತವ್ಯದಲ್ಲಿದ್ದಾಗ ಪ್ರಾಣ ಬಿಟ್ಟ ಪೊಲೀಸರ ಹೆಸರು ಓದುತ್ತಾರೆ. ಸ್ಮಾರಕಕ್ಕೆ ಹೂವು ಇಡುತ್ತಾರೆ. ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿಸುತ್ತಾರೆ. ಕಹಳೆ ಊದುತ್ತಾರೆ, ಎಲ್ಲರೂ ಮೌನವಾಗಿ ನಿಲ್ಲುತ್ತಾರೆ. ಮರುದಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಫೋಟೊ ಬರುತ್ತದೆ. ಹೂವು ಇಟ್ಟ ಅಧಿಕಾರಿಗಳ ಹೆಸರು, ಹುದ್ದೆ ಎಲ್ಲ ಅದರ ಕೆಳಗೆ ಇರುತ್ತದೆ. ಯಾರಿಗಾಗಿ ಹೂವು ಇಟ್ಟರೋ ಅವರ ಹೆಸರು ಮಾತ್ರ ಇರುವುದಿಲ್ಲ.

ಮೈದಾನದಲ್ಲಿ ಸೇರುವವರು ಇಲಾಖೆಯವರು, ನಿವೃತ್ತ ಪೊಲೀಸರು, ತೀರಿಕೊಂಡವರ ಮನೆಯವರು. ಊರಿನ ಜನ ಕಮ್ಮಿ. ಬಿ.ಎಚ್. ರಸ್ತೆಯಲ್ಲಿ ಬಸ್ಸು, ಆಟೊ ಎಂದಿನ ಹಾಗೆ ಓಡುತ್ತಿರುತ್ತವೆ. ಜನರನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ಆ ಹೆಸರುಗಳು ಕಣ್ಣಿಗೆ ಬೀಳುವ ಜಾಗವಾದರೂ ಎಲ್ಲಿದೆ?

ಆ ಜಾಗ ಪೊಲೀಸ್ ಠಾಣೆ ಎಂಬುದು ನನ್ನ ಅಭಿಪ್ರಾಯ. ಮೇಷ್ಟ್ರಾಗಿದ್ದಾಗ ಮಕ್ಕಳ ಕಳೆದುಹೋದ ಅಂಕಪಟ್ಟಿಗೆ ದೂರು ಕೊಡಲು, ಗಣೇಶನ ಮೆರವಣಿಗೆಯ ಅನುಮತಿಗೆ, ಶಾಂತಿ ಸಭೆಗೆ ಅಂತ ಜಿಲ್ಲೆಯ ಹಲವು ಠಾಣೆಗಳಿಗೆ ಹೋಗಿದ್ದೇನೆ. ಹೋದ ಕಡೆಯಲ್ಲೆಲ್ಲ ಸಾಹೇಬರ ಕುರ್ಚಿ ಹಿಂದೆ ಒಂದು ಮರದ ಬೋರ್ಡ್ ಕಂಡಿದ್ದೇನೆ. ಆ ಠಾಣೆಯಲ್ಲಿ ಕೆಲಸ ಮಾಡಿದ ಅಧಿಕಾರಿಗಳ ಪಟ್ಟಿ. ಕ್ರಮ ಸಂಖ್ಯೆ, ಹೆಸರು, ಆಮೇಲೆ ‘ಇಂದ’, ‘ವರೆಗೆ’ ಅಂತ ಎರಡು ಕಾಲಂ. ಮೂರೇ ತಿಂಗಳಿದ್ದು ವರ್ಗವಾಗಿ ಹೋದವರ ಹೆಸರೂ ಅದರಲ್ಲಿ ನೀಟಾಗಿ ಬರೆದಿರುತ್ತದೆ. ಅದು ಇರಬೇಕಾದ್ದೇ. ಆದರೆ ಅದೇ ಠಾಣೆಯಿಂದ ಡ್ಯೂಟಿಗೆ ಹೊರಟು ವಾಪಸ್ ಬಾರದ ಕಾನ್‌ಸ್ಟೆಬಲ್ ಹೆಸರಿಗೆ ಪಕ್ಕದಲ್ಲಿ ಇನ್ನೊಂದು ಬೋರ್ಡ್ ಇದ್ದದ್ದನ್ನು ನಾನು ಹೋದ ಯಾವ ಠಾಣೆಯಲ್ಲೂ ಕಾಣಲಿಲ್ಲ.

ಇಲಾಖೆಯವರನ್ನು ನಾನು ಕೇಳಿಕೊಳ್ಳುವುದು ಆ ಎರಡನೇ ಬೋರ್ಡನ್ನು. ಆ ಠಾಣೆಯಲ್ಲಿ ಕೆಲಸ ಮಾಡುತ್ತಾ ಸತ್ತವರು, ಆ ಠಾಣೆಯ ಸರಹದ್ದಿನ ಊರುಗಳಲ್ಲಿ ಹುಟ್ಟಿ ಬೇರೆಲ್ಲೋ ಡ್ಯೂಟಿಯಲ್ಲಿ ಸತ್ತವರು, ಇಬ್ಬರ ಹೆಸರೂ ಅದರಲ್ಲಿ ಬರಲಿ. ಹೆಸರು, ಊರು, ದಿನ, ಹೇಗೆ ಸತ್ತರು ಅನ್ನುವ ಒಂದು ಸಾಲು. ಸಾಹೇಬರ ಕೋಣೆಯಲ್ಲಿ ಬೇಡ, ದೂರು ಕೊಡಲು ಬಂದವರು ಕೂರುವ ಬೆಂಚಿನ ಎದುರಿಗೆ ಹಾಕಲಿ.

ಈ ದಿನಕ್ಕೆ ಕಾರಣವಾದ ಘಟನೆಯೂ ಎಷ್ಟೋ ಜನಕ್ಕೆ ಗೊತ್ತಿಲ್ಲ. 1959ರಲ್ಲಿ ಲಡಾಖ್‌ನ ಗಡಿ ಕಾಯುತ್ತಿದ್ದವರು ಪೊಲೀಸರು. ಹಾಟ್ ಸ್ಪ್ರಿಂಗ್ಸ್ ಅನ್ನುವ ಕಡೆಯಿಂದ ಗಸ್ತಿಗೆ ಹೋದ ಒಂದು ತಂಡ ತಿರುಗಿ ಬರಲಿಲ್ಲ. ಮರುದಿನ, ಅಕ್ಟೋಬರ್ 21ರಂದು, ಅವರನ್ನು ಹುಡುಕಿಕೊಂಡು ಹೊರಟವರ ಮೇಲೆ ಚೀನಾ ಸೈನಿಕರು ಗುಂಡು ಹಾರಿಸಿದರು. ಹತ್ತು ಜನ ಪೊಲೀಸರು ಸತ್ತರು. ಜೊತೆಯವರನ್ನು ಹುಡುಕಲು ಹೋಗಿ ಸತ್ತವರು ಅವರು. 2018ರಲ್ಲಿ ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ ಉದ್ಘಾಟನೆಯಾಯಿತು. 30 ಅಡಿ ಎತ್ತರದ ಗ್ರಾನೈಟ್ ಕಲ್ಲು, ಪಕ್ಕದ ಗೋಡೆಯ ಮೇಲೆ 34 ಸಾವಿರಕ್ಕೂ ಜಾಸ್ತಿ ಹೆಸರು. ಬಹಳ ಒಳ್ಳೆಯ ಕೆಲಸ. ಆದರೆ ಪಾವಗಡದ ಹಳ್ಳಿಯೊಂದರ ತಾಯಿ ಮಗನ ಹೆಸರು ನೋಡಲು ದೆಹಲಿಗೆ ಹೋಗಲು ಆಗುತ್ತದಾ?

ಪಾವಗಡದ ಹೆಸರು ಸುಮ್ನೆ ಎತ್ತಲಿಲ್ಲ. 2005ರ ಫೆಬ್ರುವರಿ 10ರ ರಾತ್ರಿ ಆ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯ ಕಟ್ಟಡದಲ್ಲಿ ತಂಗಿದ್ದ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್ ಪಡೆ) ತುಕಡಿಯ ಮೇಲೆ ನಕ್ಸಲರು ದಾಳಿ ಮಾಡಿದರು. ನಕ್ಸಲ್ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಸತ್ತು ಒಂದು ವಾರವೂ ಆಗಿರಲಿಲ್ಲ. ಕ್ಯಾಂಪಿನಲ್ಲಿದ್ದ ಹುಡುಗರು ಪಾವಗಡದ ಯಾರ ಜೊತೆಗೂ ಜಗಳ ಮಾಡಿಕೊಂಡವರಲ್ಲ. ಕಳಿಸಿದ ಕಡೆ ಹೋಗಿ, ಮಕ್ಕಳು ಕೂತು ಪಾಠ ಕೇಳುವ ಕೋಣೆಗಳಲ್ಲಿ ಹಾಸಿಗೆ ಹಾಸಿಕೊಂಡಿದ್ದವರು. ಹಲವರು ಅಲ್ಲೇ ಪ್ರಾಣ ಬಿಟ್ಟರು. ಪೊಲೀಸ್ ಇಲಾಖೆಗೆ ಸೇರದ ಒಬ್ಬರೂ ಆ ರಾತ್ರಿ ಸತ್ತರು. ಪೊಲೀಸ್ ಅಲ್ಲದ್ದರಿಂದ ಅಕ್ಟೋಬರ್ 21ರ ಪಟ್ಟಿಯಲ್ಲಿ ಅವರ ಹೆಸರು ಬರುವ ಹಾಗಿಲ್ಲ. ಬೋರ್ಡಿನಲ್ಲಿ ಅವರ ಹೆಸರೂ ಇರಬೇಕು.

ಇವತ್ತು ಪಾವಗಡ ಅಂದರೆ ಹೊರಗಿನವರಿಗೆ ಸೋಲಾರ್ ಪಾರ್ಕ್ ನೆನಪಾಗುತ್ತದೆ, ಶನಿಮಹಾತ್ಮನ ದೇವಸ್ಥಾನ ನೆನಪಾಗುತ್ತದೆ. ಸಂತೋಷವೇ. ಆ ತಾಲ್ಲೂಕಿನ ಜನ ಈಗ ನೆಮ್ಮದಿಯಾಗಿ ಓಡಾಡುತ್ತಿದ್ದಾರೆ. ಆ ನೆಮ್ಮದಿಗೆ ಯಾರು ಏನು ಕೊಟ್ಟರು ಅನ್ನುವುದು ಅಲ್ಲಿ ಈಗ ಹೈಸ್ಕೂಲು ಓದುತ್ತಿರುವ ಮಕ್ಕಳಿಗೂ ಗೊತ್ತಾಗಬೇಕು, ಅಲ್ವಾ? 2005ರಲ್ಲಿ ಅವರು ಹುಟ್ಟಿರಲೇ ಇಲ್ಲ.

ಇನ್ನೊಂದು ಮಾತು. ಪೊಲೀಸರು ಸಾಯುವುದು ಗುಂಡಿಗೆ, ಬಾಂಬಿಗೆ ಮಾತ್ರ ಅಲ್ಲ. 2014ರ ಜನವರಿಯಲ್ಲಿ ಕಲಬುರಗಿಯಲ್ಲಿ ರೌಡಿಯ ಗುಂಡೇಟು ತಿಂದು ತೀರಿಕೊಂಡ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಎಲ್ಲರಿಗೂ ಗೊತ್ತು. 2015ರ ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ನೆಲಮಂಗಲದಲ್ಲಿ ವಾಹನ ಕಳ್ಳರನ್ನು ಹಿಡಿಯಲು ಹೋಗಿ ಚಾಕು ಇರಿತಕ್ಕೆ ಬಲಿಯಾದ ದೊಡ್ಡಬಳ್ಳಾಪುರದ ಪಿಎಸ್‌ಐ ಜಗದೀಶ್ ಅವರನ್ನೂ ಜನ ನೆನೆಯುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿ ಬ್ಯಾರಿಕೇಡ್ ಪಕ್ಕ ಟಾರ್ಚ್ ಹಿಡಿದು ನಿಂತವನ ಮೇಲೆ ಲಾರಿ ಹತ್ತಿದರೆ ಅದು ಅಪಘಾತದ ಸುದ್ದಿಯಾಗಿ ಮುಗಿಯುತ್ತದೆ. ಮರಳು ಟ್ರ್ಯಾಕ್ಟರ್ ತಡೆಯಲು ಹೋಗಿ ಅದರ ಚಕ್ರಕ್ಕೆ ಸಿಕ್ಕವರಿದ್ದಾರೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ರಸ್ತೆಯಲ್ಲಿ ನಿಂತು ಸೋಂಕು ತಗುಲಿಸಿಕೊಂಡು ಸತ್ತವರಿದ್ದಾರೆ. ಇವರ ಹೆಸರೂ ಬೋರ್ಡಿಗೆ ಬರಲಿ. ಸತ್ತ ರೀತಿ ನೋಡಿ ದೊಡ್ಡ ಸಾವು, ಚಿಕ್ಕ ಸಾವು ಅಂತ ವಿಂಗಡಿಸುವುದು ಬೇಡ.

ಪೊಲೀಸರ ಮೇಲೆ ಜನಕ್ಕೆ ಸಿಟ್ಟಿದೆ, ಅವರಿಗೇಕೆ ಇಷ್ಟು ಗೌರವ ಅಂತ ಕೇಳುವವರು ಇದ್ದಾರೆ. ಆ ಸಿಟ್ಟಿಗೆ ಕಾರಣಗಳೂ ಇವೆ. ದೂರು ತೆಗೆದುಕೊಳ್ಳದೆ ಅಲೆಸಿದ್ದು, ಬಡವನಿಗೆ ಗದರಿದ್ದು, ಕೈ ಚಾಚಿದ್ದು, ಇವೆಲ್ಲ ಸುಳ್ಳಲ್ಲ. ಅಂಥದ್ದು ಕಂಡಾಗ ನಾನೂ ಇದೇ ಪತ್ರಿಕೆಗೆ ಬರೆಯುತ್ತೇನೆ. ಆದರೆ ಯಾರೋ ಮಾಡಿದ ತಪ್ಪಿನ ಲೆಕ್ಕವನ್ನು ಸತ್ತ ಕಾನ್‌ಸ್ಟೆಬಲ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಇನ್ನೂ ಹೇಳಬೇಕೆಂದರೆ, ಕೈ ಚಾಚುವವನ ಎದುರಿಗೇ ಆ ಬೋರ್ಡ್ ಇರುವುದು ಒಳ್ಳೆಯದು.

ಸರ್ಕಾರಿ ಜೂನಿಯರ್ ಕಾಲೇಜು ಮೈದಾನಕ್ಕೆ ಬೆಳಗಿನ ಜಾವ ಹೋದರೆ ಹುಡುಗರು ಓಡುತ್ತಿರುತ್ತಾರೆ. ಕೊರಟಗೆರೆ, ಮಧುಗಿರಿ, ಸಿರಾ ಕಡೆಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡವರು. ಕಾನ್‌ಸ್ಟೆಬಲ್ ಕೆಲಸ ಸಿಗಬೇಕಾದರೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಒಬ್ಬ ಫೋನಿನಲ್ಲಿ ಟೈಮ್ ನೋಡುತ್ತಾನೆ, ಉಳಿದವರು ಓಡುತ್ತಾರೆ. ಹೆಚ್ಚಿನವರು ರಾಗಿ, ಶೇಂಗಾ ಬೆಳೆಯುವ ಮನೆಯವರು. ಎಷ್ಟೋ ಮನೆಗಳಲ್ಲಿ ತಿಂಗಳ ಸಂಬಳದ ಮೊದಲ ನೌಕರಿ ಅದು. ಅದಕ್ಕೇ ಅಂಥ ಮಗ ಸತ್ತಾಗ ಇಡೀ ಮನೆ ಕುಸಿಯುತ್ತದೆ. ಸರ್ಕಾರ ಪರಿಹಾರ ಕೊಡುತ್ತದೆ, ಅನುಕಂಪದ ಆಧಾರದಲ್ಲಿ ಕೆಲಸವೂ ಇದೆ. ಆದರೆ ಮರಣ ಪತ್ರ, ವಂಶವೃಕ್ಷ, ಜೆರಾಕ್ಸ್, ಸಹಿ ಅಂತ ಹೆಂಡತಿ ತಾಲ್ಲೂಕು ಕಚೇರಿಯ ಕಿಟಕಿಯಿಂದ ಕಿಟಕಿಗೆ ಅಲೆಯುವ ಹಾಗೆ ಬಿಡಬಾರದು. ಆ ಓಡಾಟಕ್ಕೆ ಠಾಣೆಯ ಒಬ್ಬ ಸಿಬ್ಬಂದಿಯನ್ನು ಜೊತೆಗೆ ಕಳಿಸಲಿ.

ಬೋರ್ಡಿಗೆ ದೊಡ್ಡ ಖರ್ಚಿಲ್ಲ. ಹೆಸರುಗಳ ದಾಖಲೆ ಇಲಾಖೆಯಲ್ಲೇ ಇರುತ್ತದೆ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ನಾವು ಬಾವುಟ ತೆಗೆದುಕೊಂಡು ಹಣ ಕೊಡುತ್ತೇವೆ. ಇದಕ್ಕೂ ಜನ ಕೊಡುತ್ತಾರೆ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಪಾವಗಡ ತಾಲ್ಲೂಕಿನ ಠಾಣೆಗಳಿಂದಲೇ ಶುರು ಮಾಡಲಿ. ಬೋರ್ಡ್ ಹಾಕುವ ದಿನ ಆ ಊರಿನ ಶಾಲೆಯ ಮಕ್ಕಳನ್ನೂ ಕರೆಯಲಿ, ಹೆಸರುಗಳನ್ನು ಅವರಿಂದಲೇ ಓದಿಸಲಿ. ತಾವೂ ಮುಂದಿನ ಅಕ್ಟೋಬರ್ 22ರ ಪತ್ರಿಕೆಯಲ್ಲಿ ಫೋಟೊದ ಜೊತೆಗೆ ಆ ವರ್ಷ ತೀರಿಕೊಂಡ ನಮ್ಮ ರಾಜ್ಯದ ಪೊಲೀಸರ ಹೆಸರು, ಊರು ಅಚ್ಚು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ, ತುಮಕೂರು