ಎರಡನೇ ಮುದ್ರಣ ಬರ್ತಿದೆ, ಈಗ್ಲಾದ್ರೂ ಇವರಿಗೆಲ್ಲ ಥ್ಯಾಂಕ್ಸ್ ಹೇಳ್ಬೇಕು

'ಇರುಳ ಋಣ' ಮೊದಲ ಮುದ್ರಣ ಖಾಲಿ ಆಯ್ತು ಅಂತ ಪ್ರಕಾಶಕರು ಮೊನ್ನೆ ಫೋನ್ ಮಾಡಿ ಹೇಳಿದ್ರು, ಎರಡನೇದು ಪ್ರೆಸ್ಸಿಗೆ ಹೋಗ್ತಾ ಇದೆ. ಕನ್ನಡದಲ್ಲಿ ಒಂದು ವ್ಯಾಂಪೈರ್ ಕಾದಂಬರಿ, ಅದೂ ಬೆಂಗಳೂರಿಗೂ ಕೆಜಿಎಫ್‌ಗೂ ಓಡಾಡ್ಕೊಂಡು ನಮ್ಮ ಮಧ್ಯಾನೇ ಗುಟ್ಟಾಗಿ ಬದುಕಿರೋ ರಕ್ತಪಿಶಾಚಿಗಳ ಕತೆ, ಅದನ್ನ ದುಡ್ಡು ಕೊಟ್ಟು ತಗೊಂಡು ಓದಿ ಮಧ್ಯರಾತ್ರಿ ಮೆಸೇಜ್ ಮಾಡಿದ್ರಲ್ಲ, ನಿಮಗೆಲ್ಲ ಮೊದಲು ಕೈ ಮುಗೀತೀನಿ. ಪುಸ್ತಕದ ಕೊನೇಲಿ ಕೃತಜ್ಞತೆ ಅಂತ ಅರ್ಧ ಪುಟ ಇದೆ, ಆದ್ರೆ ಯಾರು ಏನು ಕೊಟ್ರು ಅನ್ನೋದು ಅಷ್ಟು ಜಾಗದಲ್ಲಿ ಹಿಡಿಸಲ್ಲ. ಸುಮಾರು ಜನ ಹೆಸರು ಹಾಕ್ಬೇಡಿ ಅಂದಿದಾರೆ, ಹಾಗಾಗಿ ಹೆಸರಿಲ್ಲದೇನೇ ಬರೀತೀನಿ, ಓದಿದಾಗ ಅವರಿಗೆ ಗೊತ್ತಾಗುತ್ತೆ.

ಮೊದಲು ಕೆಜಿಎಫ್ ತಾತ. ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ವರ್ಷಗಟ್ಟಲೆ ಕೆಳಗೆ ಇಳಿದು ದುಡಿದವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋ ತನಕ ಇದ್ದವರು. ನಾನು ಅವರ ಮನೆಗೆ ಹೋದಾಗ ನನ್ನ ಹತ್ರ ಇದ್ದಿದ್ದು ಒಂದೇ ಪ್ರಶ್ನೆ, ಬಿಸಿಲು ಆಗದ ಜೀವಗಳು ನಮ್ಮ ಕಡೆ ಇದ್ದಿದ್ರೆ ಎಲ್ಲಿ ಇರ್ತಿದ್ರು ಅಂತ. ತಾತ ನಗಲಿಲ್ಲ. "ಕೆಳಗೆ ಹಗಲು ರಾತ್ರಿ ಎಲ್ಲಾ ಇಲ್ಲಪ್ಪ, ಶಿಫ್ಟು ಮಾತ್ರ" ಅಂದ್ರು. ಆಮೇಲೆ ಸಂಜೆವರೆಗೂ ಹೇಳ್ತಾನೇ ಇದ್ರು, ಕೇಜಲ್ಲಿ, ಅಂದ್ರೆ ಗಣಿ ಲಿಫ್ಟಲ್ಲಿ, ಇಳಿಯುವಾಗ ಕಿವಿ ಹೇಗೆ ಕಟ್ಟಿಕೊಳ್ಳುತ್ತೆ, ಆಳಕ್ಕೆ ಹೋದಷ್ಟೂ ಬಂಡೆ ಹೇಗೆ ಬಿಸಿ ಆಗ್ತಾ ಹೋಗುತ್ತೆ, ರಾಕ್ ಬರ್ಸ್ಟ್ ಆಗಿ ಒಳಗೆ ಬಂಡೆ ಸಿಡಿದಾಗ ಮೇಲೆ ಮನೆಗಳಲ್ಲಿ ಪಾತ್ರೆ ಅಲ್ಲಾಡಿದ್ರೆ ಹೆಂಗಸರು ಹೇಗೆ ಗಣಿ ಬಾಗಿಲಿಗೆ ಓಡ್ತಿದ್ರು, ಎಲ್ಲಾ. ಮೂರು ಕಿಲೋಮೀಟರಿಗಿಂತ ಆಳ ಆ ಗಣಿ. ಆಕಾಶದಿಂದ ಬೀಳೋ ಕಾಸ್ಮಿಕ್ ಕಿರಣಗಳ ಗಲಾಟೆ ಇಲ್ಲದ ಜಾಗ ಬೇಕು ಅಂತ ವಿಜ್ಞಾನಿಗಳೇ ಹುಡುಕ್ಕೊಂಡು ಬಂದು ಒಳಗೆ ಯಂತ್ರ ಇಟ್ಟು, 1965ರಲ್ಲಿ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಅನ್ನೋ ಅತಿ ಸಣ್ಣ ಕಣಗಳ ಗುರುತು ಹಿಡಿದಿದ್ದು ಅಲ್ಲೇ. ಅದನ್ನ ಕೇಳಿದ್ಮೇಲೆ ನನ್ನ ಜನಕ್ಕೆ ಬೇರೆ ಮನೆ ಹುಡುಕೋ ಅಗತ್ಯಾನೇ ಬರಲಿಲ್ಲ.

ನಿಮ್ಮಲ್ಲಿ ತುಂಬಾ ಜನಕ್ಕೆ ಇಷ್ಟ ಆಗಿದ್ದು ಕೆಜಿಎಫ್‌ನ ಮಾರಿಕುಪ್ಪಂ ಸ್ಟೇಷನ್ನಿಂದ ಬರೋ ಟ್ರೇನಿನ ಅಧ್ಯಾಯ ಅಲ್ವಾ, ಅದೂ ತಾತನದೇ. ಗಣಿ ಮುಚ್ಚಿದ ಮೇಲೆ ಪಂಪು ನಿಂತು ಕೆಳಗೆ ನೀರು ತುಂಬ್ತಾ ಬಂತು, ಮೇಲೆ ಜನ ಕೆಲಸ ಹುಡುಕ್ಕೊಂಡು ಬೆಳಕು ಹರಿಯೋಕೆ ಮುಂಚೆ ಟ್ರೇನ್ ಹತ್ತಿ ಬೆಂಗಳೂರಿಗೆ ಬರೋಕೆ ಶುರು ಮಾಡಿದ್ರು, ಈಗ್ಲೂ ಸಾವಿರಾರು ಜನ ದಿನಾ ಬಂದು ಹೋಗ್ತಾರೆ. ಆ ನೀರಿಗೆ ಮನೆ ಕಳ್ಕೊಂಡ ನನ್ನ ವ್ಯಾಂಪೈರ್‌ಗಳೂ ಅದೇ ಬೋಗಿಯಲ್ಲಿ, ಅದೇ ನಿದ್ದೆಗಣ್ಣಿನ ಜನದ ಪಕ್ಕ ಮುದುರಿ ಕೂತು ಬಂದ್ರು. ಊರು ಬಿಟ್ಟು ಬಂದವರ ಸಂಕಟ ಏನು ಅಂತ ತಾತ ಹೇಳದೇ ಇದ್ದಿದ್ರೆ ಅವು ಬರೀ ಕೋರೆಹಲ್ಲಿನ ದೆವ್ವಗಳಾಗಿ ಉಳಿದು ಹೋಗ್ತಿದ್ವು.

ಆಮೇಲೆ ಬ್ಲಡ್ ಬ್ಯಾಂಕ್ ಮೇಡಂ. ನೈಟ್ ಡ್ಯೂಟಿ ಮುಗಿಸಿ, ಮನೆಗೆ ಹೋಗಿ ಮಲಗೋದು ಬಿಟ್ಟು, ನನಗೆ ಕೂತು ಪಾಠ ಮಾಡಿದವರು. ಕೆಂಪು ಕಣಗಳ ಬ್ಯಾಗನ್ನ 2ರಿಂದ 6 ಡಿಗ್ರೀಲಿ ಇಡ್ಬೇಕು, ಅದಕ್ಕೆ ಬೆರೆಸಿರೋ ದ್ರಾವಣದ ಮೇಲೆ 35 ಅಥವಾ 42 ದಿನ ಬಾಳಿಕೆ, ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ಲೇಟ್‌ಲೆಟ್ ಆದ್ರೆ ಫ್ರಿಜ್ಜಲ್ಲಿ ಇಡೋ ಹಾಗಿಲ್ಲ, 20ರಿಂದ 24 ಡಿಗ್ರೀಲಿ ಅಲ್ಲಾಡೋ ಟ್ರೇ ಮೇಲೆ, ಅದೂ 5 ದಿನ ಅಷ್ಟೇ. ನನ್ನ ಕತೆಯ ಬಡವ ಬಲ್ಲಿದ ಭೇದ ಪೂರ್ತಿ ಈ ಲೆಕ್ಕದಿಂದ ಹುಟ್ಟಿದ್ದು. ದುಡ್ಡಿರೋ ಮನೆತನಗಳಿಗೆ ಆಗಷ್ಟೇ ತೆಗೆದ ಬಿಸಿ ರಕ್ತ, ಗಣಿಯಿಂದ ಬಂದ ನಮ್ಮ ಮುನಿಯನಂಥವರಿಗೆ ಡೇಟ್ ಮುಗಿದ ಬ್ಯಾಗು, ಅದಕ್ಕೂ ಕ್ಯೂ.

ಬಾಂಬೆ ಬ್ಲಡ್ ಗ್ರೂಪ್ ಬಗ್ಗೆ ಹೇಳಿದ್ದೂ ಅವರೇ. 1952ರಲ್ಲಿ ಡಾ. ಭೆಂಡೆ ಮತ್ತವರ ಜೊತೆಯವರು ಮುಂಬೈಯಲ್ಲಿ ಗುರುತಿಸಿದ ಗುಂಪು ಅದು, ನಮ್ಮ ದೇಶದಲ್ಲಿ ಹೆಚ್ಚುಕಮ್ಮಿ 10,000ಕ್ಕೆ ಒಬ್ಬರಿಗೆ ಇರುತ್ತೆ, ಮಾಮೂಲಿ ಟೆಸ್ಟಲ್ಲಿ ಓ ಗ್ರೂಪ್ ಥರಾನೇ ಕಾಣ್ಸುತ್ತೆ, ಸೀರಮ್, ಅಂದ್ರೆ ರಕ್ತದ ತಿಳಿ ಭಾಗದ ಕಡೆಯಿಂದಾನೂ ಪರೀಕ್ಷೆ ಮಾಡಿದಾಗ ಬೇರೆ ಅಂತ ಗೊತ್ತಾಗೋದು, ಅವರಿಗೆ ಓ ರಕ್ತ ಕೊಟ್ರೂ ಮೈ ಒಪ್ಪಲ್ಲ, ಅದೇ ಗುಂಪಿನವರದ್ದೇ ಆಗ್ಬೇಕು. ನಮ್ಮ ಗೌರಿ ಅಲ್ಲಿಂದ ಬಂದವಳು. ಯಾವ ವ್ಯಾಂಪೈರೂ ಕುಡಿಯೋಕಾಗದ ರಕ್ತದ ಹುಡುಗಿ, ಆದ್ರೆ ಅವಳಿಗೇ ರಕ್ತ ಬೇಕಾದಾಗ ಇಡೀ ಊರಲ್ಲಿ ಕೊಡೋರು ಸಿಗಲ್ಲ. ಮೇಡಂ, ಆ ಬೆಳಗ್ಗೆ ನೀವು ಟಿಶ್ಯೂ ಪೇಪರ್ ಮೇಲೆ ಬರೆದ ಚಿತ್ರ ಇನ್ನೂ ನನ್ನ ಡೈರೀಲಿದೆ.

ಮುಂದಿಂದು ಬರೆಯೋಕೆ ಸ್ವಲ್ಪ ಕಷ್ಟ. ಕಾದಂಬರಿ ಅರ್ಧಕ್ಕೆ ಬಂದಾಗ ನಮ್ಮಕ್ಕನ ಹೆರಿಗೆ ಆಯ್ತು, ಮಗು ಚೆನ್ನಾಗಿತ್ತು, ಅಕ್ಕನಿಗೆ ಬ್ಲೀಡಿಂಗ್ ನಿಲ್ಲಲಿಲ್ಲ. ನೆಗೆಟಿವ್ ಗ್ರೂಪು. ನಮ್ಮಲ್ಲಿ ನೆಗೆಟಿವ್ ಇರೋರು ನೂರಕ್ಕೆ ಸುಮಾರು 5 ಜನ ಅಷ್ಟೇ, ಅದರಲ್ಲೂ ನಡುರಾತ್ರಿ. ಭಾವ ಕಂಡಕಂಡ ವಾಟ್ಸಾಪ್ ಗ್ರೂಪಿಗೆಲ್ಲ ಮೆಸೇಜ್ ಹಾಕ್ತಾ ಇದ್ರು, ನಾನು ಗೇಟ್ ಹತ್ರ ನಿಂತಿದ್ದೆ. ಒಬ್ಬರು ಆಟೋದವರು ಬಾಡಿಗೆ ಬಿಟ್ಟು ಬಂದ್ರು, ಒಬ್ಬ ಹುಡುಗ ಐಡಿ ಕಾರ್ಡ್ ಕತ್ತಲ್ಲಿ ಹಾಕ್ಕೊಂಡೇ ಆಫೀಸಿಂದ ಬಂದ, ಇನ್ನೊಬ್ಬರು ಹೆಂಡತಿ ಜೊತೆ ಸ್ಕೂಟರಲ್ಲಿ ಬಂದು, ಕೊಟ್ಟು, ಒಂದು ಜ್ಯೂಸ್ ಕೂಡ ಕುಡೀದೆ ಹೊರಟ್ರು. ಇವತ್ತಿಗೂ ನನಗೆ ಅವರು ಯಾರೂ ಗೊತ್ತಿಲ್ಲ. ಅಕ್ಕ ಉಳಿದಳು, ಮಗು ಈಗ ಮನೆ ತುಂಬಾ ಓಡಾಡುತ್ತೆ.

ಅದಾದ್ಮೇಲೆ ತುಂಬಾ ದಿನ ಫೈಲ್ ಓಪನ್ ಮಾಡೋಕಾಗಲಿಲ್ಲ, ರಕ್ತ ಕುಡಿಯೋ ಸೀನ್ ಬರೆಯೋಕೆ ಕೈ ಏಳ್ತಿರಲಿಲ್ಲ. ಮತ್ತೆ ಕೂತಾಗ ಕತೆಯ ಕಾನೂನೇ ಬೇರೆ ಆಗಿತ್ತು. ಯಾರ ರಕ್ತ ತಗೊಂಡ್ರೋ ಅವರನ್ನ ಸಾಯೋ ತನಕ ಕಾಯ್ಬೇಕು, ಅವರಿಗೆ ಗೊತ್ತಾಗದ ಹಾಗೆ, ತಪ್ಪಿದ್ರೆ ಕುಲದಿಂದ ಹೊರಗೆ. ಕಾದಂಬರಿಗೆ ಆ ಹೆಸರು ಬಂದಿದ್ದೂ ಆಗಲೇ. ಮುನಿಯ ಒಬ್ಬ ಆಟೋ ಡ್ರೈವರ್ ಮನೆ ಮುಂದೆ ಪ್ರತಿ ರಾತ್ರಿ ನಿಲ್ತಾನಲ್ಲ, ಆ ಸೀನ್ ಓದಿ ಅಳು ಬಂತು ಅಂತ ಬರೆದವರೇ, ಅದು ಯಾರಿಗೋಸ್ಕರ ಬರೆದಿದ್ದು ಅಂತ ಈಗ ಗೊತ್ತಾಯ್ತಲ್ಲ. ಅವತ್ತು ಬಂದ ಆ ಮೂವರಲ್ಲಿ ಒಬ್ಬರಾದ್ರೂ ಇದನ್ನ ಓದ್ತಾ ಇದ್ರೆ ದಯವಿಟ್ಟು ಮೆಸೇಜ್ ಮಾಡಿ, ಅಕ್ಕ ನಿಮ್ಮನ್ನ ನೋಡ್ಬೇಕಂತೆ.

ನಾವು ಮೊದಲಿದ್ದ ವಠಾರದ ಅಜ್ಜಿಗೂ ನಮಸ್ಕಾರ. ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ರಾತ್ರಿ ಬಾಗಿಲು ತಟ್ಟೋ ದೆವ್ವ ಓದಿ ವಾಪಸ್ ಹೋಗ್ಲಿ ಅಂತ ಬಾಗಿಲು ಬಾಗಿಲಿಗೂ 'ನಾಳೆ ಬಾ' ಅಂತ ಬರೀತಿದ್ರಲ್ಲ, ನಮ್ಮ ಸಾಲಿನ ಅಷ್ಟೂ ಬಾಗಿಲಿಗೆ ಬರೆದಿದ್ದು ಅಜ್ಜಿಯೇ, ಸೀಮೆಸುಣ್ಣದಲ್ಲಿ, ಮಳೆಗೆ ಅಳಿಸಿ ಹೋದ್ರೆ ಮತ್ತೆ. ಮನೆಯವರು ಕರೀದೇ ವ್ಯಾಂಪೈರ್ ಹೊಸ್ತಿಲು ದಾಟೋ ಹಾಗಿಲ್ಲ ಅನ್ನೋ ನಿಯಮ ಯುರೋಪಿನ ಕತೆಗಳದ್ದು. ಅದನ್ನೂ ಅಜ್ಜಿಯ ಬರಹಾನೂ ಒಟ್ಟಿಗೆ ಇಟ್ಟು ನೋಡಿದಾಗ, ಬಾಗಿಲ ಮೇಲೆ ಕರೆ ಇದೆ, ಆದ್ರೆ ಯಾವತ್ತೂ ಇವತ್ತಿಗೆ ಅಲ್ಲ, ಪಾಪ ವ್ಯಾಂಪೈರ್ ಪ್ರತಿ ರಾತ್ರಿ ಬರ್ಲೇಬೇಕು ಪ್ರತಿ ರಾತ್ರಿ ವಾಪಸ್ ಹೋಗ್ಲೇಬೇಕು. ಮೂರನೇ ಭಾಗ ಪೂರ್ತಿ ನಿಂತಿರೋದು ಇದರ ಮೇಲೆ.

ವಿಯೆನ್ನಾದಲ್ಲಿ ಓದ್ತಿರೋ ಗೆಳೆಯನಿಗೆ ದೊಡ್ಡ ಥ್ಯಾಂಕ್ಸ್. 1725ರಲ್ಲಿ ಸರ್ಬಿಯಾದ ಕಿಸಿಲೆವೊ ಹಳ್ಳೀಲಿ ಸತ್ತವನೊಬ್ಬ ಎದ್ದು ಬಂದು ಜನರನ್ನ ಕೊಲ್ತಿದಾನೆ ಅಂತ ಹೆಣ ಅಗೆದು ಗೂಟ ಹೊಡೆದಿದ್ದು, ಇಂಥ ಗಲಾಟೆಗಳು ನಿಲ್ಲದೇ 1755ರಲ್ಲಿ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ತನ್ನ ವೈದ್ಯರ ಮಾತು ಕೇಳಿ ಅದಕ್ಕೆಲ್ಲ ನಿಷೇಧ ಹಾಕಿದ್ದು, ಇದೆಲ್ಲ ಅವನು ಜರ್ಮನ್‌ನಿಂದ ಸಾಲು ಸಾಲು ಓದಿ ವಾಯ್ಸ್ ನೋಟಲ್ಲಿ ಕಳಿಸಿದ್ದು. ಒಂದೇ ಊರಲ್ಲಿ ಸಾವಿನ ಮೇಲೆ ಸಾವು ಆದಾಗ ಹೆದರಿದ ಜನ ಏನು ಮಾಡ್ತಾರೆ ಅನ್ನೋದು ಅಲ್ಲಿಂದ ಗೊತ್ತಾಗಿದ್ದಕ್ಕೇ 1898ರ ಬೆಂಗಳೂರು ಪ್ಲೇಗಿನ ಅಧ್ಯಾಯ ಧೈರ್ಯವಾಗಿ ಬರೆಯೋಕಾಯ್ತು.

ಕೆ.ಆರ್. ಮಾರ್ಕೆಟ್ಟಲ್ಲಿ ಬೆಳಗಿನ ಜಾವ ಹೂವಿನ ಮೂಟೆ ಇಳಿಸೋ ಅಣ್ಣಂದಿರು, ನನ್ನ ಪಕ್ಕಕ್ಕೆ ಕೂರಿಸ್ಕೊಂಡು ಮಾತಾಡಿದ ಪೌರಕಾರ್ಮಿಕ ಅಕ್ಕಂದಿರು, ಕರಡು ತಿದ್ದಿ ಕಾಗುಣಿತ ಕಾಪಾಡಿದ ಮೇಷ್ಟ್ರು, ಮುಖಪುಟ ಬರೆದ ಹುಡುಗಿ, ಕನ್ನಡದಲ್ಲಿ ಇದನ್ನ ಯಾರು ಓದ್ತಾರೆ ಅಂತ ಒಂದು ಸಲಾನೂ ಕೇಳದ ಪ್ರಕಾಶಕರು, ರಾತ್ರಿಯೆಲ್ಲ ಲೈಟ್ ಹಾಕ್ಕೊಂಡು ಕೂತ್ರೂ ಸುಮ್ಮನೆ ಫ್ಲಾಸ್ಕಲ್ಲಿ ಕಾಫಿ ಇಟ್ಟು ಮಲಗ್ತಿದ್ದ ಅಮ್ಮ, ಎಲ್ಲರಿಗೂ.

ತಾತಂಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಮೊಮ್ಮಗಳು ದಿನಾ ಸಂಜೆ ಸ್ವಲ್ಪ ಸ್ವಲ್ಪ ಓದಿ ತಮಿಳಲ್ಲಿ ಹೇಳ್ತಾಳಂತೆ. ಹೋದ ವಾರ ಟ್ರೇನಿನ ಅಧ್ಯಾಯ ಮುಗೀತು ಅಂತ ಫೋನ್ ಮಾಡಿದ್ರು, ಮುನಿಯ ಬೆಂಗಳೂರಲ್ಲಿ ಇಳಿದ ಮೇಲೆ ಎಲ್ಲಿ ಉಳ್ಕೊತಾನೆ, ಊಟಕ್ಕೇನು ಮಾಡ್ತಾನೆ ಅಂತ ಕೇಳಿದ್ರು. ಮುಂದಿನ ಅಧ್ಯಾಯದಲ್ಲಿದೆ ತಾತ ಅಂದೆ. ಎರಡನೇ ಮುದ್ರಣ ಕೈಗೆ ಬಂದ ತಕ್ಷಣ ಮೊದಲ ಪ್ರತಿ ತಗೊಂಡು ಅವರ ಮನೆಗೆ ಹೋಗ್ತಿದೀನಿ, ಅಕ್ಕನೂ ಮಗೂನೂ ಜೊತೆಗೆ ಬರ್ತಿದಾರೆ.