ಮಗಳಿಗೊಂದು ಪತ್ರ: ಆಸ್ಪಿರಿನ್ ಯಾಕೆ ನಿಂತಿತು

ಪ್ರೀತಿಯ ಪುಟ್ಟಿ,

"ಸ್ಟೆಂಟ್ ಇರೋರಿಗೆ ಆಸ್ಪಿರಿನ್ ನಿಲ್ಲಿಸ್ತಾರಾ ಅಪ್ಪಾ?" ಅಂತ ಫೋನಿನಲ್ಲಿ ಕೇಳಿದಾಗ ನಿನ್ನ ದನಿಯಲ್ಲಿ ಭಯ ಇತ್ತು. ಆಗ ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಡಾಕ್ಟರನ್ನು ಮತ್ತೆ ಕೇಳಿ ತಿಳಿದುಕೊಂಡು ಬರೆಯುತ್ತಿದ್ದೇನೆ.

ಹೃದಯದ ರಕ್ತನಾಳ ಮುಚ್ಚದಂತೆ ಇಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿ ವರ್ಷಗಳಾದವು. ಎದೆಬಡಿತ ಲಯ ತಪ್ಪುತ್ತಿರುವುದು ಈಗ ಗೊತ್ತಾಗಿದೆ. ಹೀಗಾದಾಗ ಹೃದಯದ ಎಡಗಡೆ ಮೇಲಿನ ಕೋಣೆಗೆ ಅಂಟಿಕೊಂಡ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಅದು ಮಿದುಳಿಗೆ ಹೋದರೆ ಸ್ಟ್ರೋಕ್. ಆ ಹೆಪ್ಪಿನಲ್ಲಿ ಫೈಬ್ರಿನ್ ಎಂಬ ಎಳೆಗಳೇ ಜಾಸ್ತಿ. ಅದನ್ನು ತಡೆಯಲು ಆಸ್ಪಿರಿನ್ ಸಾಲದು. ಅದಕ್ಕೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಬಾನ್ ಮಾತ್ರೆ ಕೊಟ್ಟರು, ಆಸ್ಪಿರಿನ್ ನಿಲ್ಲಿಸಿದರು.

ಹಾಗಾದರೆ ಸ್ಟೆಂಟಿನ ಗತಿ? ಅಲ್ಲಿ ಹೆದರಬೇಕಾದದ್ದು ಒಂದಕ್ಕೊಂದು ಅಂಟಿಕೊಂಡು ಹೆಪ್ಪು ಕಟ್ಟುವ ರಕ್ತದ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳಿಗೆ ಅಲ್ವಾ? ಆಸ್ಪಿರಿನ್ ಸುಮ್ಮನಿರಿಸುತ್ತಿದ್ದದ್ದು ಅವನ್ನೇ. ನನಗೂ ಇದೇ ಚಿಂತೆ ಇತ್ತು. ಅಪಿಕ್ಸಬಾನ್ ಪ್ಲೇಟ್‌ಲೆಟ್ಟನ್ನು ನೇರವಾಗಿ ಮುಟ್ಟುವುದಿಲ್ಲ, ನಿಜ. ಆದರೆ ಅದು ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ವಸ್ತು ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ. ಥ್ರಾಂಬಿನ್ ಫೈಬ್ರಿನ್ ಎಳೆ ಕಟ್ಟುವುದಷ್ಟೇ ಅಲ್ಲ, ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವುದರಲ್ಲೂ ಎತ್ತಿದ ಕೈ. ಅದು ಕಡಿಮೆಯಾದರೆ ಕೆರಳುವ ಪ್ಲೇಟ್‌ಲೆಟ್‌ಗಳೂ ಕಡಿಮೆ. ಅವುಗಳನ್ನು ಕೆರಳಿಸಲು ಬೇರೆ ದಾರಿಗಳೂ ಇವೆ, ಅವು ಹಾಗೇ ತೆರೆದಿರುತ್ತವೆ. ಅದಕ್ಕೇ ಸ್ಟೆಂಟ್ ಹೊಸದಾಗಿರುವಾಗ ಕ್ಲೊಪಿಡೊಗ್ರೆಲ್‌ನಂಥ ಇನ್ನೊಂದು ಮಾತ್ರೆ ಜೊತೆಗೆ ಬೇಕೇ ಬೇಕು. ನನ್ನದು ಹಳೆಯದು.

2019ರಲ್ಲಿ ಜಪಾನಿನ ಒಂದು ದೊಡ್ಡ ಅಧ್ಯಯನ ನನ್ನಂಥವರನ್ನೇ ನೋಡಿತು. ಅದರಲ್ಲಿ ಕೊಟ್ಟಿದ್ದು ಇದೇ ಬಗೆಯ ರಿವಾರಾಕ್ಸಬಾನ್. ಅದೊಂದನ್ನೇ ತೆಗೆದುಕೊಂಡವರಿಗೆ ಹೃದಯಾಘಾತ, ಸ್ಟ್ರೋಕ್ ಹೆಚ್ಚಲಿಲ್ಲ. ಆಸ್ಪಿರಿನ್‌ನಂಥ ಮಾತ್ರೆಯನ್ನೂ ಸೇರಿಸಿ ತೆಗೆದುಕೊಂಡವರಿಗಿಂತ ರಕ್ತಸ್ರಾವ ಕಡಿಮೆ ಇತ್ತು. ಇದನ್ನು ಕೇಳಿದ ಮೇಲೆ ನನಗೆ ಧೈರ್ಯ ಬಂತು. ನನಗೆ ಆಸ್ಪಿರಿನ್, ಅಪಿಕ್ಸಬಾನ್ ಎರಡೂ ಇದ್ದ ಆ ಕೆಲವು ದಿನ ಹಲ್ಲುಜ್ಜುವಾಗೆಲ್ಲ ವಸಡಿನಿಂದ ರಕ್ತ ಬರುತ್ತಿತ್ತು. ನಿನಗೆ ಹೇಳಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ, ಅಂದರೆ 7ರಿಂದ 10 ದಿನ, ಸುಮ್ಮನಿರುತ್ತದೆ. ಅಪಿಕ್ಸಬಾನ್ ಹಾಗಲ್ಲ. ಅದರ ಬಲ ಬೇಗ ಇಳಿಯುತ್ತದೆ, ಒಂದು ಹೊತ್ತೂ ಮರೆಯುವಂತಿಲ್ಲ. ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಅಲಾರಂ ಇಟ್ಟಿದ್ದೇನೆ.

ಮುಂದಿನ ಸಲ ಬರುವಾಗ ನನ್ನ ಮಂಡಿನೋವಿಗೆ ಐಬುಪ್ರೊಫೆನ್ ತರಬೇಡ. ಅದೂ ಅಪಿಕ್ಸಬಾನೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದಂತೆ.

ನಿನ್ನ ಅಪ್ಪ